ಭಾಷೆ ಬದಲಾದರೂ ನಡತೆ ಬದಲಾಗಬಾರದು: ಪಿಎಚ್‌ಪಿ ಕೋಡನ್ನು ಜಾವಾಸ್ಕ್ರಿಪ್ಟ್‌ಗೆ ತರುವಾಗ

ಸೆಟ್ಟಿಂಗ್ಸ್ ಪುಟದಲ್ಲಿ 'ಮೇಲ್ ಬೇಕೇ?' ಎಂದು ಒಂದು ಆಯ್ಕೆ. ಬೇಡ ಎಂದವರ ಹೆಸರಿನೆದುರು ಡೇಟಾಬೇಸಿನ ಟೆಕ್ಸ್ಟ್ ಕಾಲಂನಲ್ಲಿ "0" ಎಂಬ ಸ್ಟ್ರಿಂಗ್ ಕೂತಿದೆ. ಪಿಎಚ್‌ಪಿ ಕೋಡ್ ಅದನ್ನು ನೇರವಾಗಿ ಒಂದು ಇಫ್‌ನೊಳಗೆ ಹಾಕಿ ನೋಡುತ್ತದೆ. "0" ಎಂಬ ಸ್ಟ್ರಿಂಗ್ ಪಿಎಚ್‌ಪಿಗೆ ಫಾಲ್ಸ್, ಹಾಗಾಗಿ ಮೇಲ್ ಹೋಗುವುದಿಲ್ಲ. ಅದೇ ಸಾಲನ್ನು ಇದ್ದ ಹಾಗೆಯೇ ಜಾವಾಸ್ಕ್ರಿಪ್ಟ್‌ಗೆ ತಂದಿರಿ ಎನ್ನಿ. ಅಲ್ಲಿ ಖಾಲಿಯಲ್ಲದ ಯಾವ ಸ್ಟ್ರಿಂಗ್ ಆದರೂ ಟ್ರೂ. ಬೇಡ ಎಂದವರಿಗೆಲ್ಲ ಅಂದಿನಿಂದ ಮೇಲ್ ಹೋಗತೊಡಗುತ್ತದೆ. ಎರರ್ ಬರುವುದಿಲ್ಲ, ಲಾಗ್‌ನಲ್ಲಿ ಏನೂ ಕಾಣುವುದಿಲ್ಲ, ರಿವ್ಯೂ ಮಾಡಿದವರ ಕಣ್ಣಿಗೂ ಹಳೆಯ ಸಾಲು ಹೊಸ ಸಾಲು ಒಂದೇ ಥರ ಕಾಣುತ್ತವೆ.

ವೆಬ್ ಕೋಡನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವ ಕೆಲಸದ ತೊಡಕೆಲ್ಲ ಈ ಒಂದು ಸಾಲಿನಲ್ಲಿದೆ. ವ್ಯಾಕರಣ ಬದಲಿಸುವುದು ಸುಲಭದ ಭಾಗ; ಅದು ತಪ್ಪಿದರೆ ಕಂಪೈಲರ್ರೋ ಬ್ರೌಸರ್ರೋ ಕೂಡಲೇ ಕೂಗುತ್ತದೆ. ಕಷ್ಟವಿರುವುದು ಕೋಡ್‌ನಲ್ಲಿ ಎಲ್ಲೂ ಬರೆದಿಲ್ಲದ, ಭಾಷೆಯೇ ತನ್ನ ಪಾಡಿಗೆ ಮಾಡಿಕೊಡುತ್ತಿದ್ದ ಕೆಲಸಗಳಲ್ಲಿ.

ಈಗ ಈ ಮಾತು ಹೆಚ್ಚು ಮುಖ್ಯವಾಗಿರುವುದಕ್ಕೆ ಕಾರಣ ಎಐ ಸಾಧನಗಳು. 500 ಸಾಲಿನ ಪಿಎಚ್‌ಪಿ ಫೈಲ್ ಕೊಟ್ಟರೆ ಅರೆ ನಿಮಿಷದಲ್ಲಿ ಟೈಪ್‌ಸ್ಕ್ರಿಪ್ಟ್ (ಟೈಪ್‌ಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್) ಕೈಗೆ ಬರುತ್ತದೆ, ಅಂದವಾಗಿರುತ್ತದೆ, ಓಡುತ್ತದೆ. ಬರೆಯುವ ಖರ್ಚು ಇಳಿದಿದೆ, ಸರಿಯಿದೆಯೇ ಎಂದು ತಿಳಿಯುವ ಖರ್ಚು ಅಷ್ಟು ಇಳಿದಿಲ್ಲ. ಕೈಯಲ್ಲಿ ಬರೆಯುವವರು ಒಂದೊಂದು ಸಾಲಿಗೂ ನಿಂತು 'ಇಲ್ಲಿ ಇದು ಹೀಗೇಕಿದೆ?' ಎಂದು ಕೇಳಿಕೊಳ್ಳುತ್ತಿದ್ದರು. ಆ ನಿಲುಗಡೆ ಈಗ ತಪ್ಪಿದೆ. ಫೇಸ್‌ಬುಕ್‌ನ ಸಂಶೋಧಕರು 2020ರಲ್ಲಿ ಟ್ರಾನ್ಸ್‌ಕೋಡರ್ ಎಂಬ ಮಾಡೆಲ್ ತಂದಾಗ, ಅನುವಾದವಾದ ಕೋಡ್ ಮೂಲ ಉತ್ತರಕ್ಕೆ ಎಷ್ಟು ಹೋಲುತ್ತದೆ ಎಂಬುದನ್ನೇ ನೆಚ್ಚದೆ, ಓಡಿಸಿದಾಗ ಟೆಸ್ಟ್‌ಗಳಲ್ಲಿ ಅದೇ ಉತ್ತರ ಕೊಡುತ್ತದೆಯೇ ಎಂದು ಅಳೆದರು. ಇಂದಿಗೂ ನಂಬಬಹುದಾದ ಅಳತೆ ಅದೊಂದೇ.

ಬದಲಿಸಲೇಬೇಕೇ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಪಿಎಚ್‌ಪಿ 7.4ಕ್ಕೆ ಭದ್ರತಾ ಬೆಂಬಲ 2022ರ ನವೆಂಬರ್ 28ಕ್ಕೆ ನಿಂತಿತು, 8.1ರದ್ದು 2025ರ ಡಿಸೆಂಬರ್ 31ಕ್ಕೆ. ಹಳೆಯ ಆವೃತ್ತಿಯಲ್ಲಿ ಉಳಿದಿರುವುದೇ ನಿಮ್ಮ ಚಿಂತೆಯಾದರೆ ಬೇಕಿರುವುದು ಅದೇ ಭಾಷೆಯ ಹೊಸ ಆವೃತ್ತಿ, ಹೊಸ ಭಾಷೆಯಲ್ಲ. ಅಪ್‌ಗ್ರೇಡ್ ಕೂಡ ಸಣ್ಣ ಕೆಲಸವೇನಲ್ಲ. 0 == "ಅಬಕ" ಎಂಬ ಹೋಲಿಕೆ ಪಿಎಚ್‌ಪಿ 7ರಲ್ಲಿ ಟ್ರೂ, 2020ರ ನವೆಂಬರಿನಲ್ಲಿ ಬಂದ 8.0ದಲ್ಲಿ ಫಾಲ್ಸ್. ಆದರೂ ಭಾಷೆಯನ್ನೇ ಬದಲಿಸುವುದಕ್ಕೆ ಹೋಲಿಸಿದರೆ ಇದು ಎಷ್ಟೋ ಪಾಲು ಚಿಕ್ಕದು.

ವೇಗ ಬೇಕೆಂದು ಬದಲಿಸುವವರು ಮೊದಲು ಅಳೆದು ನೋಡಬೇಕು. ವೆಬ್ ಅಪ್ಲಿಕೇಶನ್‌ಗಳಲ್ಲಿ ಸಮಯ ಬಹುಪಾಲು ಹೋಗುವುದು ಡೇಟಾಬೇಸ್ ಉತ್ತರಕ್ಕೆ ಕಾಯುವುದರಲ್ಲಿ. ಇಂಡೆಕ್ಸ್ ಇಲ್ಲದ ಕ್ವೆರಿ ಯಾವ ಭಾಷೆಯಲ್ಲಿ ಕರೆದರೂ ಅಷ್ಟೇ ನಿಧಾನ. 2010ರಲ್ಲಿ ಫೇಸ್‌ಬುಕ್ ಬಿಡುಗಡೆ ಮಾಡಿದ ಹಿಪ್‌ಹಾಪ್, ಪಿಎಚ್‌ಪಿಯನ್ನು ಸಿ++ಗೆ ತಿರುಗಿಸುತ್ತಿತ್ತು. ಆದರೆ ಆ ತಿರುಗಿಸುವಿಕೆ ಯಂತ್ರದೊಳಗೆ ನಡೆಯುತ್ತಿತ್ತು, ಪ್ರೋಗ್ರಾಮರ್‌ಗಳು ಬರೆಯುವುದು ಪಿಎಚ್‌ಪಿಯಾಗಿಯೇ ಉಳಿಯಿತು.

ಬದಲಿಸಲು ಸರಿಯಾದ ಕಾರಣಗಳೂ ಇವೆ: ಫ್ರಂಟ್‌ಎಂಡ್ ಬ್ಯಾಕ್‌ಎಂಡ್ ಎರಡಕ್ಕೂ ಒಂದೇ ತಂಡ, ನೆಚ್ಚಿಕೊಂಡ ಲೈಬ್ರರಿಯನ್ನು ನೋಡಿಕೊಳ್ಳುವವರೇ ಇಲ್ಲದಿರುವುದು, ಲೈವ್ ಸಂಪರ್ಕ ಸದಾ ತೆರೆದಿರಬೇಕಾದ ಸೇವೆ. ಹಾಗೆ ಬದಲಿಸುವಾಗ 2025ರ ಮಾರ್ಚ್‌ನಲ್ಲಿ ಟೈಪ್‌ಸ್ಕ್ರಿಪ್ಟ್ ತಂಡ ಪ್ರಕಟಿಸಿದ ನಿರ್ಧಾರ ಗಮನಿಸುವಂಥದ್ದು. ತಮ್ಮ ಕಂಪೈಲರನ್ನು ಗೋ ಭಾಷೆಗೆ ತರುವಾಗ ಅವರು ಹೊಸದಾಗಿ ವಿನ್ಯಾಸ ಮಾಡಲಿಲ್ಲ. ಇದ್ದ ರಚನೆಯನ್ನೇ ಹೊಸ ಭಾಷೆಗೆ ದಾಟಿಸುವ ದಾರಿ ಹಿಡಿದರು. ಹಳೆಯ ಕೋಡ್‌ನ ಆಕಾರಕ್ಕೆ ಹೊಂದುತ್ತದೆ ಎಂಬುದೇ ಗೋ ಆರಿಸಲು ಒಂದು ದೊಡ್ಡ ಕಾರಣ. ವಿಎಸ್ ಕೋಡ್‌ನ ಇಡೀ ಕೋಡನ್ನು ಪರಿಶೀಲಿಸಲು ಹಿಡಿಯುತ್ತಿದ್ದ 77.8 ಸೆಕೆಂಡ್ 7.5ಕ್ಕೆ ಇಳಿಯಿತು. ದಾಟಿಸುವುದು ಬೇರೆ, ಸುಧಾರಿಸುವುದು ಬೇರೆ. ಎರಡನ್ನೂ ಒಟ್ಟಿಗೆ ಹಚ್ಚಿಕೊಂಡರೆ, ಉತ್ತರ ಬೇರೆ ಬಂದಾಗ ಅದು ತಪ್ಪೋ ಸುಧಾರಣೆಯೋ ಎಂದು ಹೇಳುವವರೇ ಇರುವುದಿಲ್ಲ.

ಒಂದೇ ಥರ ಕಾಣುವ ಸಾಲುಗಳು

ಪಿಎಚ್‌ಪಿಯ ಅರೇಯಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚು ಬಗ್ ಹುಟ್ಟುವುದು ಇಲ್ಲಿ. ಅದು ಹೆಸರಿಗೆ ಅರೇ. ಒಳಗೆ ಸೇರಿಸಿದ ಕ್ರಮವನ್ನು ನೆನಪಿಡುವ ಮ್ಯಾಪ್, ಅಂದರೆ ಕೀ-ವ್ಯಾಲ್ಯೂ ಜೋಡಿಗಳ ಪಟ್ಟಿ. ಒಂದು ಡ್ರಾಪ್‌ಡೌನ್ ತುಂಬಲು ಐಡಿಯನ್ನು ಕೀ ಆಗಿಯೂ ಹೆಸರನ್ನು ವ್ಯಾಲ್ಯೂ ಆಗಿಯೂ ಇಟ್ಟ ಪಟ್ಟಿ ಇದೆ ಎನ್ನಿ. ಡೇಟಾಬೇಸ್ ಹೆಸರಿನ ಅಕಾರಾದಿಯಲ್ಲಿ ಕೊಟ್ಟಿದೆ, ಕೀಗಳು ಬಂದ ಕ್ರಮ 30, 10, 20. ಪಿಎಚ್‌ಪಿ ಅದೇ ಕ್ರಮ ಉಳಿಸುತ್ತದೆ. ಇದನ್ನು ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್‌ಗೆ ತಂದರೆ, ಪೂರ್ಣಾಂಕದಂತಿರುವ ಕೀಗಳನ್ನು ಭಾಷೆಯೇ ಏರಿಕೆ ಕ್ರಮಕ್ಕೆ ಜೋಡಿಸುತ್ತದೆ: 10, 20, 30. ಅಕಾರಾದಿ ಹೋಯಿತು. ಜಾವಾಸ್ಕ್ರಿಪ್ಟ್‌ನದೇ ಮ್ಯಾಪ್ ಬಳಸಿದರೆ ಕ್ರಮ ಉಳಿಯುತ್ತದೆ, ಆದರೆ ಆ ಮ್ಯಾಪನ್ನು ಹಾಗೇ ಜೇಸನ್‌ಗೆ (ಡೇಟಾವನ್ನು ಪಠ್ಯವಾಗಿ ಸಾಗಿಸುವ ರೂಪ) ತಿರುಗಿಸಿದರೆ ಸಿಗುವುದು ಖಾಲಿ ಜೋಡಿ ಆವರಣ {} ಅಷ್ಟೇ. ಕ್ರಮ ಮುಖ್ಯವಾದಲ್ಲಿ ಐಡಿ ಹಾಗೂ ಹೆಸರು ಎರಡೂ ಇರುವ ಆಬ್ಜೆಕ್ಟ್‌ಗಳ ಪಟ್ಟಿ ಮಾಡುವುದೇ ಗಟ್ಟಿ ದಾರಿ.

ಫಿಲ್ಟರ್‌ನಲ್ಲಿ ಇನ್ನೊಂದು ಬಲೆ ಇದೆ. ಪಿಎಚ್‌ಪಿಯ ಅರೇ ಫಿಲ್ಟರ್ ಹಳೆಯ ಕೀಗಳನ್ನೇ ಉಳಿಸಿಕೊಳ್ಳುತ್ತದೆ. ಮೂರರಲ್ಲಿ ನಡುವಿನದು ಬಿದ್ದುಹೋದರೆ ಉಳಿಯುವ ಕೀಗಳು 0 ಮತ್ತು 2. ಜೇಸನ್ ಮಾಡಿದಾಗ ಅದು ಪಟ್ಟಿಯಾಗದೆ "0", "2" ಎಂಬ ಕೀಗಳಿರುವ ಆಬ್ಜೆಕ್ಟ್ ಆಗುತ್ತದೆ. ಜಾವಾಸ್ಕ್ರಿಪ್ಟ್‌ನ ಫಿಲ್ಟರ್ ಹೊಸ ಪಟ್ಟಿಯನ್ನೇ ಕೊಡುತ್ತದೆ. ಹೊಸದೇ ಸರಿ ಅನ್ನಿಸಬಹುದು. ಆದರೆ ವರ್ಷಗಳಿಂದ ಆಬ್ಜೆಕ್ಟ್ ಬರುತ್ತದೆಂದು ನಂಬಿ ಬರೆದ ಮೊಬೈಲ್ ಆ್ಯಪ್ ಜನರ ಫೋನ್‌ಗಳಲ್ಲಿದೆ, ಅದನ್ನು ಅವರು ಅಪ್‌ಡೇಟ್ ಮಾಡುವವರೆಗೆ ನೀವು ಕಾಯಬೇಕು. ಖಾಲಿ ಅರೇಯೂ ಹೀಗೆಯೇ: ಪಿಎಚ್‌ಪಿಯಲ್ಲೂ ಪೈಥಾನ್‌ನಲ್ಲೂ ಫಾಲ್ಸ್, ಜಾವಾಸ್ಕ್ರಿಪ್ಟ್‌ನಲ್ಲಿ ಟ್ರೂ. 'ಏನೂ ಸಿಗಲಿಲ್ಲ' ಎಂದು ತೋರಿಸಬೇಕಾದ ಪುಟ ಬರಿದಾಗಿ ನಿಂತರೆ ಮೊದಲು ಇಲ್ಲಿ ಹುಡುಕಿ.

ಪಿಎಚ್‌ಪಿ ಅರೇಯನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ಪ್ರತಿ ಆಗುತ್ತದೆ. ಫಂಕ್ಷನ್‌ಗೆ ಕಳಿಸಿದರೂ ಅಷ್ಟೇ. ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ಹೆಸರೂ ಒಂದೇ ವಸ್ತುವನ್ನು ತೋರಿಸುತ್ತವೆ. ಪಿಎಚ್‌ಪಿಯಲ್ಲಿ ಫಂಕ್ಷನ್ ತನ್ನೊಳಗೆ ಅರೇಯನ್ನು ತಿದ್ದಿಕೊಂಡರೆ ಕರೆದವರಿಗೆ ತಾಗದು; ಇಲ್ಲಿ ತಾಗುತ್ತದೆ. ಸ್ಪ್ರೆಡ್‌ನ ಮೂರು ಚುಕ್ಕಿ ಹಾಕಿ ಪ್ರತಿ ಮಾಡಿದೆವು ಎಂದುಕೊಳ್ಳಬೇಡಿ, ಅದು ಮೇಲಿನ ಒಂದು ಪದರವನ್ನಷ್ಟೇ ಪ್ರತಿ ಮಾಡುತ್ತದೆ. ಆಳದವರೆಗೆ ಬೇಕಾದರೆ ಸ್ಟ್ರಕ್ಚರ್ಡ್‌ಕ್ಲೋನ್ ಇದೆ. ಲೂಪ್ ಸುತ್ತುತ್ತಿರುವಾಗಲೇ ಅದೇ ಪಟ್ಟಿಗೆ ಸೇರಿಸುವ ಕೋಡ್ ಪಿಎಚ್‌ಪಿಯ ಫೋರೀಚ್‌ನಲ್ಲಿ ಸುಮ್ಮನೆ ಮುಗಿಯುತ್ತದೆ, ಜಾವಾಸ್ಕ್ರಿಪ್ಟ್‌ನ ಫಾರ್-ಆಫ್‌ನಲ್ಲಿ ಹೊಸ ಸದಸ್ಯರನ್ನೂ ಕಾಣುತ್ತಾ ಹೋಗಿ ಕೊನೆಯೇ ಇಲ್ಲದಂತಾಗಬಹುದು.

ಸಂಖ್ಯೆಗಳಲ್ಲಿ ದುಡ್ಡಿನ ಲೆಕ್ಕ ಇರುವುದರಿಂದ ಇಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಫಾರ್ಮ್‌ನಿಂದ ಬಂದ "10"ಕ್ಕೆ 5 ಕೂಡಿಸಿದರೆ ಪಿಎಚ್‌ಪಿ 15 ಎನ್ನುತ್ತದೆ, ಜಾವಾಸ್ಕ್ರಿಪ್ಟ್ "105" ಎನ್ನುತ್ತದೆ. ಮೈನಸ್ 2.5 ಅನ್ನು ರೌಂಡ್ ಮಾಡಿದರೆ ಪಿಎಚ್‌ಪಿಯಲ್ಲಿ -3, ಜಾವಾಸ್ಕ್ರಿಪ್ಟ್‌ನಲ್ಲಿ -2. ಹಣ ವಾಪಸು ಕೊಡುವ ಲೆಕ್ಕದಲ್ಲಿ ಮೈನಸ್ ಬರುವುದು ಮಾಮೂಲು, ಹಾಗಾಗಿ ಇದು ಪುಸ್ತಕದ ಉದಾಹರಣೆಯಲ್ಲ. ಪೈಥಾನ್‌ಗೆ ಹೋಗುವವರಿಗೆ 2.5 ಕೂಡ 2 ಆಗುತ್ತದೆ, ಅದು ಹತ್ತಿರದ ಸಮಸಂಖ್ಯೆಗೆ ರೌಂಡ್ ಮಾಡುತ್ತದೆ. 1.005 ಅನ್ನು ಎರಡು ದಶಮಾಂಶಕ್ಕೆ ತಂದರೆ ಪಿಎಚ್‌ಪಿ 1.01 ಕೊಡುತ್ತದೆ, ನೂರರಿಂದ ಗುಣಿಸಿ, ರೌಂಡ್ ಮಾಡಿ, ಮತ್ತೆ ಭಾಗಿಸುವ ಜಾವಾಸ್ಕ್ರಿಪ್ಟ್ ರೂಢಿ 1 ಕೊಡುತ್ತದೆ. ಹಣವನ್ನು ಅತಿ ಚಿಕ್ಕ ನಾಣ್ಯದ ಪೂರ್ಣಾಂಕದಲ್ಲಿ ಇಡುವುದು ಒಳ್ಳೆಯದೇ, ಆದರೆ ಹಳೆಯ ಬಿಲ್‌ಗಳು ಮತ್ತೆ ಅದೇ ಮೊತ್ತ ತೋರಿಸಬೇಕಾದರೆ ಪಿಎಚ್‌ಪಿಯ ರೌಂಡಿಂಗನ್ನೇ ಒಂದು ಫಂಕ್ಷನ್ ಆಗಿ ಬರೆದು, ಹಳೆಯ ಬಿಲ್‌ಗಳನ್ನೇ ಅದಕ್ಕೆ ಉಣಿಸಿ ನೋಡಬೇಕು.

ದೊಡ್ಡ ಐಡಿಗಳದ್ದು ಬೇರೆಯೇ ಕಥೆ. 64 ಬಿಟ್ ಯಂತ್ರದಲ್ಲಿ ಪಿಎಚ್‌ಪಿಯ ಪೂರ್ಣಾಂಕ 9223372036854775807ರವರೆಗೆ ನಿಖರ. ಜಾವಾಸ್ಕ್ರಿಪ್ಟ್‌ನ ನಂಬರ್ ನಿಖರವಾಗಿರುವುದು 9007199254740991ರವರೆಗೆ. ಜೇಸನ್‌ನಲ್ಲಿ ಬಂದ 9007199254740993 ಓದುವಾಗಲೇ ಕೊನೆಯ ಅಂಕಿ 2 ಆಗಿಬಿಡುತ್ತದೆ, ಅಂದರೆ ಅದು ಇನ್ನೊಬ್ಬರ ಐಡಿ. ಬಿಗ್‌ಇಂಟ್ ಬಳಸಿದರೆ ಲೆಕ್ಕ ಸರಿಯಾಗುತ್ತದೆ, ಆದರೆ ಜೇಸನ್ ಮಾಡುವಾಗ ಅದು ಎರರ್ ಎಸೆಯುತ್ತದೆ. ಇಂಥ ಐಡಿಗಳನ್ನು ಮೊದಲಿನಿಂದ ಕೊನೆಯವರೆಗೆ ಸ್ಟ್ರಿಂಗ್ ಆಗಿಯೇ ಸಾಗಿಸಿ.

ಅಕ್ಷರಗಳ ವಿಷಯ ನಮ್ಮ ಲಿಪಿಯಲ್ಲೇ ನೋಡೋಣ. 'ಕನ್ನಡ' ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಕ, ನ, ವಿರಾಮ, ನ, ಡ ಎಂಬ 5 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3ರಂತೆ 15 ಬೈಟ್. ಪಿಎಚ್‌ಪಿಯ ಮೂಲ ಉದ್ದದ ಫಂಕ್ಷನ್ 15 ಎನ್ನುತ್ತದೆ, ಅದರ ಮಲ್ಟಿಬೈಟ್ ರೂಪ 5 ಎನ್ನುತ್ತದೆ, ಜಾವಾಸ್ಕ್ರಿಪ್ಟ್ 5 ಎನ್ನುತ್ತದೆ. ಜಾವಾಸ್ಕ್ರಿಪ್ಟ್ ಎಣಿಸುವುದು ಯುಟಿಎಫ್-16 ಘಟಕಗಳನ್ನು, ಹಾಗಾಗಿ ಒಂದು ಇಮೋಜಿ ಬಂದರೆ ಅಲ್ಲಿ ಉದ್ದ 2 ಆದೀತು, ಪೈಥಾನ್‌ನಲ್ಲಿ 1 ಇದ್ದೀತು. 'ಹೆಸರು 30 ಮೀರಬಾರದು' ಎಂಬ ಹಳೆಯ ನಿಯಮ ಯಾವ 30ರ ಮಾತು ಎಂದು ತಿಳಿಯದೆ ಅದನ್ನು ಮುಟ್ಟಬಾರದು.

ದಿನಾಂಕದಲ್ಲಿ ಮೂರು ಸಂಗತಿ ಸಾಕು: ಪಿಎಚ್‌ಪಿಯ ಟೈಮ್‌ಸ್ಟಾಂಪ್ ಸೆಕೆಂಡಿನಲ್ಲಿ, ಜಾವಾಸ್ಕ್ರಿಪ್ಟ್‌ನದು ಮಿಲಿಸೆಕೆಂಡಿನಲ್ಲಿ, ಜಾವಾಸ್ಕ್ರಿಪ್ಟ್ ಡೇಟ್‌ನಲ್ಲಿ ಜನವರಿ ಅಂದರೆ 0. ಜೊತೆಗೆ "2024-03-05" ಎಂದಷ್ಟೇ ಕೊಟ್ಟರೆ ಅದನ್ನು ಯುಟಿಸಿ ಎಂದು ಓದುತ್ತದೆ, ಗಂಟೆಯನ್ನೂ ಸೇರಿಸಿ ಕೊಟ್ಟರೆ ಸ್ಥಳೀಯ ಸಮಯ ಎಂದು ಓದುತ್ತದೆ. ಯುಟಿಸಿಗಿಂತ ಹಿಂದಿರುವ ವಲಯದಲ್ಲಿ ಒಂದು ದಿನ ಜಾರುವುದು ಹೀಗೆ.

ರಿಕ್ವೆಸ್ಟ್ ಮುಗಿದ ಮೇಲೆ

ಇಷ್ಟು ಹೊತ್ತು ಹೇಳಿದ್ದೆಲ್ಲ ಸಾಲಿನ ಮಟ್ಟದ್ದು. ಸಾಲಿನಲ್ಲಿ ಕಾಣದ, ಅದಕ್ಕಿಂತ ಅಪಾಯದ ವ್ಯತ್ಯಾಸವೊಂದಿದೆ. ಸಾಮಾನ್ಯವಾಗಿ ಓಡಿಸುವ ರೀತಿಯಲ್ಲಿ ಪಿಎಚ್‌ಪಿ ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ಹುಟ್ಟಿ, ಉತ್ತರ ಕೊಟ್ಟು, ಎಲ್ಲವನ್ನೂ ಮರೆಯುತ್ತದೆ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಪ್ರಾಸೆಸ್ ದಿನಗಟ್ಟಲೆ ಬದುಕಿರುತ್ತದೆ, ನೂರಾರು ಜನರ ರಿಕ್ವೆಸ್ಟ್‌ಗಳು ಅದೇ ಮೆಮೊರಿಯಲ್ಲಿ ಹಾದುಹೋಗುತ್ತವೆ.

ಪಿಎಚ್‌ಪಿಯಲ್ಲಿ 'ಈಗಿನ ಬಳಕೆದಾರ' ಎಂಬ ಗ್ಲೋಬಲ್ ವೇರಿಯಬಲ್ ಇಡುವುದು ಚೆಂದವಲ್ಲದಿದ್ದರೂ ಸುರಕ್ಷಿತ. ಅದನ್ನು ನೋಡ್‌ನಲ್ಲಿ ಫೈಲಿನ ಮೇಲ್ಭಾಗದ ವೇರಿಯಬಲ್ ಆಗಿ ತಂದರೆ ನಡೆಯುವುದು ಹೀಗೆ: ಮೊದಲನೆಯವರ ರಿಕ್ವೆಸ್ಟ್ ಬಂದು ಅವರ ಹೆಸರು ಅಲ್ಲಿ ಕೂರುತ್ತದೆ, ಡೇಟಾಬೇಸ್ ಉತ್ತರಕ್ಕೆ ಅವೇಟ್‌ನಲ್ಲಿ (ಉತ್ತರ ಬರುವವರೆಗೆ ಕಾಯಿಸುವ ಪದ) ನಿಲ್ಲುತ್ತದೆ, ಅಷ್ಟರಲ್ಲಿ ಎರಡನೆಯವರು ಬಂದು ಹೆಸರು ಬದಲಾಗುತ್ತದೆ, ಮೊದಲನೆಯದು ಎಚ್ಚೆತ್ತು ಮುಂದಿನ ಸಾಲು ಓದಿದಾಗ ಸಿಗುವುದು ಎರಡನೆಯವರ ಹೆಸರು. ಒಬ್ಬರ ಖಾತೆಯ ವಿವರ ಇನ್ನೊಬ್ಬರ ಪರದೆಯ ಮೇಲೆ. ಒಬ್ಬರೇ ಕೂತು ಪರೀಕ್ಷಿಸಿದರೆ ಇದು ಯಾವತ್ತೂ ಸಿಕ್ಕುವುದಿಲ್ಲ. ಎರಡು ಬೇರೆ ಖಾತೆಗಳಿಂದ ಒಟ್ಟಿಗೆ ನೂರಾರು ರಿಕ್ವೆಸ್ಟ್ ಕಳಿಸಿ, ಪ್ರತಿ ಉತ್ತರದಲ್ಲೂ ಸರಿಯಾದ ಹೆಸರಿದೆಯೇ ಎಂದು ನೋಡಬೇಕು. ಕೋಡ್ ತರುವ ಮೊದಲೇ ಗ್ಲೋಬಲ್ ಮತ್ತು ಸ್ಟ್ಯಾಟಿಕ್ ವೇರಿಯಬಲ್‌ಗಳ ಪಟ್ಟಿ ತೆಗೆದು, ಒಂದೊಂದನ್ನೂ ರಿಕ್ವೆಸ್ಟ್ ಆಬ್ಜೆಕ್ಟ್‌ಗೋ, ಪ್ರತಿ ರಿಕ್ವೆಸ್ಟ್‌ಗೂ ಬೇರೆ ಜಾಗ ಕೊಡುವ ನೋಡ್‌ನ ಅಸಿಂಕ್‌ಲೋಕಲ್‌ಸ್ಟೋರೇಜ್‌ಗೋ ಸಾಗಿಸಿ.

ಅವೇಟ್ ಮರೆತರೆ ಆಗುವ ಅನಾಹುತವೂ ಸಣ್ಣದಲ್ಲ. 'ಇವರಿಗೆ ಅನುಮತಿ ಇದೆಯೇ' ಎಂದು ಕೇಳುವ ಫಂಕ್ಷನ್ ಪಿಎಚ್‌ಪಿಯಲ್ಲಿ ಟ್ರೂ ಅಥವಾ ಫಾಲ್ಸ್ ಕೊಡುತ್ತಿತ್ತು. ಈಗ ಅದು ಪ್ರಾಮಿಸ್ ಕೊಡುತ್ತದೆ, ಅಂದರೆ ಉತ್ತರ ಆಮೇಲೆ ಬರುತ್ತದೆ ಎಂಬ ಭರವಸೆ. ಪ್ರಾಮಿಸ್ ಒಂದು ಆಬ್ಜೆಕ್ಟ್, ಆಬ್ಜೆಕ್ಟ್ ಯಾವಾಗಲೂ ಟ್ರೂ. ಅವೇಟ್ ಇಲ್ಲದ ಆ ಇಫ್ ಎಲ್ಲರನ್ನೂ ಒಳಗೆ ಬಿಡುತ್ತದೆ. ಕೋಡ್‌ನ ತಪ್ಪು ಹುಡುಕುವ ಇಎಸ್‌ಲಿಂಟ್‌ನಲ್ಲಿ ಪ್ರಾಮಿಸ್‌ಗಳ ತಪ್ಪು ಬಳಕೆ ಹಿಡಿಯುವ ಟೈಪ್‌ಸ್ಕ್ರಿಪ್ಟ್ ನಿಯಮಗಳನ್ನು ಮೊದಲ ದಿನವೇ ಎರರ್ ಮಟ್ಟದಲ್ಲಿ ಹಾಕಿ, ಎಚ್ಚರಿಕೆಯ ಮಟ್ಟದಲ್ಲಿ ಬಿಡಬೇಡಿ.

ಲಾಗಿನ್ ಆದವರ ವಿವರವನ್ನು ರಿಕ್ವೆಸ್ಟ್‌ಗಳ ನಡುವೆ ನೆನಪಿಡುವ ಸೆಷನ್‌ನಲ್ಲಿ ಹೆಚ್ಚಿನವರು ಗಮನಿಸದ ವಿಷಯವೊಂದಿದೆ. ಪಿಎಚ್‌ಪಿ ರೂಢಿಯಂತೆ ಸೆಷನನ್ನು ಫೈಲ್‌ನಲ್ಲಿಟ್ಟು, ಬಳಸುವಾಗ ಆ ಫೈಲಿಗೆ ಬೀಗ ಹಾಕುತ್ತದೆ. ಒಬ್ಬರೇ ಎರಡು ಸಲ ಬಟನ್ ಒತ್ತಿದರೆ ಎರಡನೆಯ ರಿಕ್ವೆಸ್ಟ್ ಮೊದಲನೆಯದು ಬೀಗ ಬಿಡುವವರೆಗೆ ಕಾಯುತ್ತದೆ. ಕೇಳದೆಯೇ ಸಿಕ್ಕ ಈ ರಕ್ಷಣೆ ನೋಡ್‌ನ ಸಾಮಾನ್ಯ ಸೆಷನ್ ಸ್ಟೋರ್‌ಗಳಲ್ಲಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಎಂದೂ ಕಾಣದ ಜೋಡಿ ಆರ್ಡರ್‌ಗಳು ಹೊಸದರಲ್ಲಿ ಕಾಣಿಸಿಕೊಂಡರೆ ಕಾರಣ ಇದಿರಬಹುದು. ಡೇಟಾಬೇಸಿನಲ್ಲೇ ಯೂನಿಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಸಲ ಸೇರದಂತೆ ತಡೆ) ಹಾಕುವುದು ಪರಿಹಾರ.

ಪಿಎಚ್‌ಪಿಯಲ್ಲಿ ಫೇಟಲ್ ಎರರ್ ಆ ಒಂದು ರಿಕ್ವೆಸ್ಟನ್ನು ಕೊಲ್ಲುತ್ತದೆ; ನೋಡ್ 15ರಿಂದ ಈಚೆಗೆ, ಯಾರೂ ಹಿಡಿಯದ ಪ್ರಾಮಿಸ್ ರಿಜೆಕ್ಷನ್ ಇಡೀ ಪ್ರಾಸೆಸನ್ನೇ ಬೀಳಿಸುತ್ತದೆ. ದೊಡ್ಡ ಪಿಡಿಎಫ್ ತಯಾರಿಸುವಂಥ ಭಾರದ ಲೆಕ್ಕ ಅದೇ ಥ್ರೆಡ್‌ನಲ್ಲಿ ನಡೆದರೆ ಉಳಿದವರೆಲ್ಲ ಕಾಯುತ್ತಾರೆ. ಅಂಥದ್ದನ್ನು ಕ್ಯೂಗೆ ಹಾಕಿ ಬೇರೆ ವರ್ಕರ್‌ಗೆ ಕೊಡಬೇಕು.

ಕೆಲಸದ ಕ್ರಮ

ಎಲ್ಲವನ್ನೂ ಬರೆದು ಮುಗಿಸಿ ಒಂದು ರಾತ್ರಿ ಬದಲಾಯಿಸುವ ದಾರಿ ಹಿಡಿಯಬೇಡಿ. ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2004ರಲ್ಲಿ ವಿವರಿಸಿದ, ಈಗ ಸ್ಟ್ರಾಂಗ್ಲರ್ ಫಿಗ್ ಎಂದು ಕರೆಯುವ ಕ್ರಮ ಇಂದಿಗೂ ಸರಿಯಾದದ್ದು: ಇನ್ನೊಂದು ಮರದ ಮೇಲೆ ಹುಟ್ಟಿ, ಬೇರಿಳಿಸಿ, ಮೆಲ್ಲಗೆ ಅದರ ಜಾಗವನ್ನೇ ತೆಗೆದುಕೊಳ್ಳುವ ಆಲದ ಜಾತಿಯ ಮರದ ಹಾಗೆ. ಮುಂದೆ ರಿಕ್ವೆಸ್ಟ್‌ಗಳನ್ನು ಹಂಚುವ ಎಂಜಿನ್‌ಎಕ್ಸ್‌ನಂಥ ಪ್ರಾಕ್ಸಿ, ಹಿಂದೆ ಹಳೆಯದೂ ಹೊಸದೂ. ಒಂದೊಂದೇ ರೂಟ್ (ಸೈಟಿನ ಒಂದು ವಿಳಾಸ) ಹೊಸ ಕಡೆಗೆ ತಿರುಗುತ್ತದೆ. ಕೆಟ್ಟರೆ ಕಾನ್ಫಿಗ್‌ನ ಒಂದು ಸಾಲು ಹಿಂದಕ್ಕೆ.

ರೂಟ್ ಮುಟ್ಟುವ ಮೊದಲು ಹಳೆಯ ಕೋಡ್‌ನ ನಡತೆಯನ್ನು ದಾಖಲಿಸಿ. ಕನಿಷ್ಠ ಒಂದು ತಿಂಗಳ, ತಿಂಗಳ ಕೊನೆಯೂ ಸೇರಿದ ಲಾಗ್‌ನಿಂದ ನಿಜವಾದ ರಿಕ್ವೆಸ್ಟ್‌ಗಳನ್ನು ಆರಿಸಿ, ಖಾಸಗಿ ವಿವರ ಅಳಿಸಿ, ಹಳೆಯ ಕೋಡ್ ಕೊಡುವ ಉತ್ತರವನ್ನು ಸ್ಟೇಟಸ್, ಹೆಡರ್, ಬಾಡಿ ಸಮೇತ ಉಳಿಸಿ. ಹೊಸ ಕೋಡ್ ಅದೇ ಉತ್ತರ ಕೊಡಬೇಕು. ಹೋಲಿಸುವಾಗ ಸಮಯ, ಸೆಷನ್ ಐಡಿ, ಸಿಎಸ್‌ಆರ್‌ಎಫ್ ಟೋಕನ್ (ನಕಲಿ ಫಾರ್ಮ್ ತಡೆಯುವ ಗುರುತು) ಇಂಥವನ್ನು ತೆಗೆದುಹಾಕಿ, ಇಲ್ಲವಾದರೆ ಸುಳ್ಳು ವ್ಯತ್ಯಾಸಗಳ ರಾಶಿಯಲ್ಲಿ ನಿಜವಾದದ್ದು ಮುಳುಗುತ್ತದೆ. ಮಾಹಿತಿ ಓದಲಷ್ಟೇ ಬಳಸುವ ಗೆಟ್ ರಿಕ್ವೆಸ್ಟ್‌ಗಳನ್ನು ಲೈವ್‌ನಲ್ಲೇ ಎರಡೂ ಕಡೆ ಕಳಿಸಿ ಹೋಲಿಸಬಹುದು, ಅವು ನಿಜಕ್ಕೂ ಏನನ್ನೂ ಬರೆಯುತ್ತಿಲ್ಲ ಎಂದು ಮೊದಲು ಖಚಿತಪಡಿಸಿಕೊಂಡು. ಮಾಹಿತಿ ಬದಲಿಸುವ ಪೋಸ್ಟ್‌ಗಳನ್ನು ಎಂದಿಗೂ ಹಾಗೆ ಕಳಿಸಬೇಡಿ, ಹಣ ಎರಡು ಸಲ ಕಡಿತವಾದೀತು. ಅವನ್ನು ಡೇಟಾಬೇಸಿನ ಪ್ರತಿಯ ಮೇಲೆ ಓಡಿಸಿ, ಕೊನೆಗೆ ಟೇಬಲ್‌ಗಳ ಸಾಲುಗಳನ್ನೇ ಹೋಲಿಸಿ.

ಬೇರೆ ಸೇವೆಗಳಿಗೆ ಸಹಿ ಮಾಡಿ ಕಳಿಸುವ ಕೋಡ್ ಇದ್ದರೆ ಬೈಟ್ ಮಟ್ಟದಲ್ಲಿ ನೋಡಬೇಕು. ಪಿಎಚ್‌ಪಿಯ ಜೇಸನ್ ರೂಢಿಯಂತೆ ಓರೆಗೆರೆಯ ಮುಂದೆ ಹಿಂಗೆರೆ ಹಾಕುತ್ತದೆ, ಕನ್ನಡದಂಥ ಅಕ್ಷರಗಳನ್ನು ಸಂಕೇತಸಂಖ್ಯೆಯಾಗಿ ಬರೆಯುತ್ತದೆ. ಜಾವಾಸ್ಕ್ರಿಪ್ಟ್ ಎರಡನ್ನೂ ಮಾಡುವುದಿಲ್ಲ. ಅರ್ಥ ಒಂದೇ, ಬೈಟ್ ಬೇರೆ, ಹಾಗಾಗಿ ಬೈಟ್‌ಗಳಿಂದ ಲೆಕ್ಕ ಹಾಕುವ ಎಚ್‌ಮ್ಯಾಕ್ ಸಹಿಯೂ ಬೇರೆ. ಯುಆರ್‌ಎಲ್‌ನಲ್ಲಿ ಪಿಎಚ್‌ಪಿಯ ಸಾಮಾನ್ಯ ಎನ್‌ಕೋಡ್ ಖಾಲಿ ಜಾಗವನ್ನು + ಮಾಡುತ್ತದೆ, ಜಾವಾಸ್ಕ್ರಿಪ್ಟ್‌ನದು %20 ಮಾಡುತ್ತದೆ.

ಪಾಸ್‌ವರ್ಡ್‌ಗಳು ಮಾತ್ರ ಹೆದರುವಷ್ಟು ಕಷ್ಟವಲ್ಲ. ಪಾಸ್‌ವರ್ಡನ್ನು ಮರೆಮಾಚಿ ಇಡಲು ಪಿಎಚ್‌ಪಿ ಮಾಡುವ ಬಿಕ್ರಿಪ್ಟ್ ಹ್ಯಾಶ್ ಶುರುವಾಗುವುದು 2ವೈ ಎಂಬ ಗುರುತಿನಿಂದ. ಕೆಲವು ಲೈಬ್ರರಿಗಳು 2ಬಿ ಇದ್ದರಷ್ಟೇ ಒಪ್ಪುತ್ತವೆ. ಒಳಗಿನ ಲೆಕ್ಕ ಎರಡರದ್ದೂ ಒಂದೇ, ಪರಿಶೀಲಿಸುವ ಹೊತ್ತಿಗೆ ಗುರುತು ಬದಲಿಸಿಕೊಂಡರೆ ಸಾಕು. ಎಲ್ಲರಿಗೂ ಪಾಸ್‌ವರ್ಡ್ ಮರುಹೊಂದಿಸಲು ಹೇಳುವ ಅಗತ್ಯವಿಲ್ಲ. ಸೆಷನ್‌ಗಳಿಗೆ ಹೆಚ್ಚು ಕೆಲಸವಿದೆ: ಪಿಎಚ್‌ಪಿ ತನ್ನದೇ ರೂಪದಲ್ಲಿ ಬರೆಯುವುದರಿಂದ, ಮೊದಲು ಹಳೆಯ ಕೋಡ್‌ನಲ್ಲೇ ಅವನ್ನು ರೆಡಿಸ್‌ನಂಥ (ಮೆಮೊರಿಯಲ್ಲಿ ಡೇಟಾ ಇಡುವ ಸ್ಟೋರ್) ಕಡೆ ಜೇಸನ್ ಆಗಿ ಇಡುವಂತೆ ಮಾಡಿ, ಅದು ಸ್ಥಿರವಾದ ಮೇಲೆ ಹೊಸ ಕೋಡ್ ಅಲ್ಲಿಂದ ಓದಲಿ. ಈ ಅವಧಿಯಲ್ಲಿ ಡೇಟಾಬೇಸ್ ಸ್ಕೀಮಾ ಮುಟ್ಟಬೇಡಿ.

ಎಐ ಸಾಧನಕ್ಕೆ ಇಡೀ ಫೋಲ್ಡರ್ ಸುರಿಯುವ ಬದಲು ಒಂದು ಫಂಕ್ಷನ್, ಅದರ ದಾಖಲಾದ ಇನ್‌ಪುಟ್ ಔಟ್‌ಪುಟ್, ಪಿಎಚ್‌ಪಿಯ ನಿಖರ ಆವೃತ್ತಿ ಕೊಡಿ. 'ಸುಧಾರಿಸಬೇಡ, ನಡತೆ ಉಳಿಸು' ಎಂದು ಸ್ಪಷ್ಟವಾಗಿ ಬರೆಯಿರಿ. ಎರಡು ಭಾಷೆಗಳ ಅರ್ಥ ಬೇರೆಯಾಗಬಹುದಾದ ಸಾಲುಗಳನ್ನು ಮೊದಲು ಪಟ್ಟಿ ಮಾಡಿಸಿ, ಆಮೇಲೆ ಕೋಡ್ ಕೇಳಿ. ಟೆಸ್ಟ್‌ನ ನಿರೀಕ್ಷಿತ ಉತ್ತರ ಹಳೆಯ ಕೋಡ್ ಓಡಿಸಿ ಬಂದದ್ದೇ ಆಗಿರಬೇಕು. ಹೊಸ ಕೋಡ್ ನೋಡಿ ಅದೇ ಸಾಧನ ಬರೆದ ಟೆಸ್ಟ್ ಆ ಕೋಡ್‌ನ ತಪ್ಪನ್ನೂ ಸರಿಯೆಂದು ಒಪ್ಪಿಬಿಡುತ್ತದೆ.

ಒಂದು ರೂಟನ್ನು ಮೊದಲು ನೂರಕ್ಕೆ 1, ಆಮೇಲೆ 10, ಆಮೇಲೆ 50 ರಿಕ್ವೆಸ್ಟ್‌ಗಳಂತೆ ತಿರುಗಿಸುತ್ತಾ ಹೋಗಿ ಎಲ್ಲವೂ ಹೊಸ ಕಡೆ ಬಂದ ಮೇಲೂ ಹಳೆಯ ಸರ್ವರ್ ಆರಿಸುವ ಮುನ್ನ ಅದರ ಕ್ರಾನ್‌ಟ್ಯಾಬ್, ಅಂದರೆ ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸಗಳ ಪಟ್ಟಿ, ಓದಿ. ಹಳೆಯ ಫೈಲ್ ಅಳಿಸುವ, ಬಾಕಿಯ ನೆನಪೋಲೆ ಕಳಿಸುವ, ವರ್ಷಕ್ಕೊಮ್ಮೆ ಲೆಕ್ಕ ಮುಚ್ಚುವ ಸ್ಕ್ರಿಪ್ಟ್‌ಗಳು ವೆಬ್ ಲಾಗ್‌ನಲ್ಲಿ ಒಂದು ಸಾಲಾಗಿಯೂ ಬಂದಿರುವುದಿಲ್ಲ. ಪ್ರತಿಯೊಂದಕ್ಕೂ ಹೊಸ ಕಡೆ ಏನಿದೆ ಎಂದು ಬರೆದುಕೊಳ್ಳಿ. ವರ್ಷಕ್ಕೊಮ್ಮೆ ಓಡುವುದನ್ನು ದಿನಾಂಕ ಕೈಯಾರೆ ಕೊಟ್ಟು, ಡೇಟಾಬೇಸಿನ ಪ್ರತಿಯ ಮೇಲೆ ಎರಡೂ ಕೋಡ್‌ನಲ್ಲಿ ಈಗಲೇ ಓಡಿಸಿ, ಬಂದ ಸಾಲುಗಳನ್ನು ಹೋಲಿಸಿದ ಮೇಲೆ ಸರ್ವರ್ ಆರಿಸಿ.